ಚಿತ್ರತುರಗ

ಕಳೆದ ಬೇಸಗೆಯ ರಜೆಯಲ್ಲಿ ಹುಣಸೂರಿನ ನಮ್ಮ ಮನೆಯ ಜಗಲಿಯ ಮೇಲೆ ಒಂದು ಸಣ್ಣ ವಾಗ್ವಾದವು ನಡೆಯಿತು. ವಾದಿಯು ಹನ್ನೆರಡು ವರ್ಷದ ನನ್ನ ಮೊಮ್ಮಗನು, ಪ್ರತಿವಾದಿಯು ನಾನು. ಜಪಾನಿನ ಐಇಚಿರೊ ಓಡ ಎಂಬ ಚಿತ್ರಕಾರನು 1997ರಿಂದ ರಚಿಸುತ್ತಿರುವ 'ಒನ್ ಪೀಸ್' ಎಂಬ ಚಿತ್ರಕಥೆಯು 1999ರಲ್ಲಿ 'ಅನಿಮೆ' ಎಂದು ಕರೆಯಿಸಿಕೊಳ್ಳುವ ಚಲಿಸುವ ಚಿತ್ರಮಾಲೆಯಾಯಿತು. 2023ರಲ್ಲಿ ಜೀವಂತ ನಟರ ಅಭಿನಯವಾಗಿಯೂ ತೆರೆಗೆ ಬಂದಿತು. ಅದರ ನಾಯಕನಾದ ಲುಫಿ ಎಂಬ ಹುಡುಗನ ಮೈ ರಬ್ಬರಿನಂತೆ ಹಿಗ್ಗತಕ್ಕದ್ದು. ಆ ಪಾತ್ರವನ್ನು ಮೆಕ್ಸಿಕೊ ದೇಶದ ಇನ್ಯಾಕಿ ಗೊಡೊಯ್ ಎಂಬ ಯುವಕನು ವಹಿಸಿರುವನು. "ಇವನು ಲುಫಿಯ ಹಾಗಿಲ್ಲ, ತಾತ! ಚಿತ್ರದಲ್ಲಿರುವ ಕಣ್ಣು ಇವನಿಗೆಲ್ಲಿದೆ?" ಎಂಬುದು ಮೊಮ್ಮಗನ ಆಕ್ಷೇಪಣೆ.

ಪಾಠಶಾಲೆಯಲ್ಲಿ ಕಲಿತದ್ದನ್ನು ಹೇಳಲು ನನಗೆ ಒಂದು ಅವಕಾಶವು ದೊರೆಯಿತು. ರಂಗದ ಮೇಲಿನ ನಟನನ್ನು ನಾವು ರಾಮನೆಂದು ಬಗೆಯುವುದು ಹೇಗೆಂಬ ಪ್ರಶ್ನೆಗೆ ಶ್ರೀಶಂಕುಕನು ಚಿತ್ರದ ಕುದುರೆಯನ್ನು ದೃಷ್ಟಾಂತವಾಗಿ ಕೊಟ್ಟನು. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡಾಗ ನಮಗುಂಟಾಗುವ ಅರಿವು ನಿಜವೆಂಬುದಲ್ಲ, ಸುಳ್ಳೆಂಬುದಲ್ಲ, ಸಂಶಯವಲ್ಲ, 'ಕುದುರೆಯ ಹಾಗಿದೆ' ಎಂಬ ಸಾದೃಶ್ಯವೂ ಅಲ್ಲ; ಈ ನಾಲ್ಕಕ್ಕೂ ಬೇರೆಯಾದುದು. ಭರತಮುನಿಯು ಪಾತ್ರಗಳನ್ನು ಹಂಚುವ ವಿಷಯಕ್ಕೆ ನಾಟ್ಯಶಾಸ್ತ್ರದಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿರುವನು. ಅವನು ರೂಪವನ್ನು ಕಡೆಗಣಿಸಿದವನಲ್ಲ. ಆದರೆ ನಡೆ, ನುಡಿ, ಅಂಗಚೇಷ್ಟೆ, ಸತ್ತ್ವ, ಶೀಲ ಇವುಗಳನ್ನು ಪರೀಕ್ಷಿಸಿ ಪಾತ್ರವನ್ನು ಕೊಡಬೇಕೆಂದು ವಿಧಿಸುವನು.

ನಮ್ಮ ಸೀಮೆಯ ಉದಾಹರಣೆಯನ್ನೂ ಹೇಳಿದೆನು. ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣರ ಮಾಲ್ಗುಡಿಯ ಕಥೆಗಳಿಗೆ ಅವರ ತಮ್ಮ ಲಕ್ಷ್ಮಣರು ರೇಖಾಚಿತ್ರಗಳನ್ನು ಬರೆದರು. 1980ರ ದಶಕದಲ್ಲಿ ಶಂಕರನಾಗರು ಆ ಕಥೆಗಳನ್ನು ಆಗುಂಬೆಯಲ್ಲಿ ಚಿತ್ರೀಕರಿಸಿ ದೂರದರ್ಶನಕ್ಕೆ ಕೊಟ್ಟಾಗ ಆರಂಭದಲ್ಲಿ ಲಕ್ಷ್ಮಣರ ರೇಖೆಗಳೇ ಕಾಣಿಸುತ್ತಿದ್ದವು. ಅನಂತರ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥನು ಬರುತ್ತಿದ್ದನು. ನಮ್ಮ ಬೀದಿಯ ಒಂದೇ ಟೆಲಿವಿಷನ್ನಿನ ಮುಂದೆ ನೆರೆದಿದ್ದ ನಾವು ಯಾರೂ ಆ ಮೂಗನ್ನೂ ಈ ಮೂಗನ್ನೂ ಅಳೆದು ನೋಡಲಿಲ್ಲ. ಆ ಹುಡುಗನ ಭಯ, ತುಂಟತನಗಳೇ ಸ್ವಾಮಿಯಾಗಿದ್ದವು.

ಮೊಮ್ಮಗನು ಎಲ್ಲವನ್ನೂ ಕೇಳಿ, "ಹಾಗಾದರೆ ನೀವು ಶಾಲೆಯಲ್ಲಿ ನಾಟಕವಾಡಿಸುವಾಗ ಹೀಗೆಯೇ ಆರಿಸುತ್ತಿದ್ದಿರೋ?" ಎಂದನು. ನಾನು ಉತ್ತರ ಕೊಡಲಾರದೆ ಒಳಕ್ಕೆ ಹೋದೆನು. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂವತ್ತು ವರ್ಷಗಳಿಗೂ ಹಿಂದೆ ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ವನವಾಸದ ಕಥೆಯನ್ನು ನಾಟಕವಾಗಿ ಆಡಿಸಿದೆನು. ಒಬ್ಬ ಹುಡುಗನಿಗೆ ಇಡೀ ನಾಟಕವು ಕಂಠಪಾಠವಾಗಿದ್ದಿತು. ತಂದೆಯ ಮಾತನ್ನು ಶಿರಸಾವಹಿಸುವ ಸಂದರ್ಭದಲ್ಲಿ ಅವನ ಧ್ವನಿಯು ಕೇಳುವವರ ಎದೆಯನ್ನು ತಟ್ಟುತ್ತಿದ್ದಿತು. ಆದರೆ ಅವನು ಕಪ್ಪಗಿದ್ದನು. ನನ್ನ ಮನಸ್ಸಿನಲ್ಲಿದ್ದುದು ಅಂಗಡಿಯ ಕ್ಯಾಲೆಂಡರಿನ ರಾಮ. ವಾಲ್ಮೀಕಿಯು ರಾಮನನ್ನು ಶ್ಯಾಮನೆಂದು ವರ್ಣಿಸಿರುವುದನ್ನು ತರಗತಿಯಲ್ಲಿ ಬೋಧಿಸುತ್ತಿದ್ದ ನಾನೇ ಬೆಳ್ಳಗಿದ್ದ ಮತ್ತೊಬ್ಬನಿಗೆ ಕಿರೀಟವನ್ನಿಟ್ಟು, ಇವನನ್ನು ಪರದೆಯ ಹಿಂದೆ ಮಾತು ಎತ್ತಿಕೊಡಲು ನಿಲ್ಲಿಸಿದೆನು. ಆ ರಾತ್ರಿ ಬೆಳ್ಳಗಿನ ರಾಮನು ನಡುವೆ ಮಾತು ಮರೆತು ನಿಂತುಬಿಟ್ಟನು. ಪರದೆಯ ಹಿಂದಿನಿಂದ ಬಂದ ಧ್ವನಿಯೇ ಆ ಪ್ರವೇಶವನ್ನು ಮುಗಿಸಿತು. ಸಭೆಯು ನಿಶ್ಶಬ್ದವಾಗಿ ಕೇಳಿತು. ಮರುವರ್ಷ ಆ ಹುಡುಗನು ನಾಟಕಕ್ಕೆ ಹೆಸರು ಕೊಡಲಿಲ್ಲ, ನಾನೂ ಕರೆಯಲಿಲ್ಲ.

ಕೆಲವು ವರ್ಷಗಳ ಹಿಂದೆ ಕೃಷ್ಣರಾಜನಗರದ ಬಳಿಯ ಚುಂಚನಕಟ್ಟೆಯ ಜಾತ್ರೆಯಲ್ಲಿ, ಕೋದಂಡರಾಮನ ಗುಡಿಯ ಮೆಟ್ಟಿಲ ಬಳಿ, ಒಬ್ಬ ಗೃಹಸ್ಥನು ನನಗೆ ನಮಸ್ಕರಿಸಿದನು. ಮುಖದ ಗುರುತು ಹತ್ತಲಿಲ್ಲ; "ಮೇಷ್ಟ್ರೇ" ಎಂದೊಡನೆ ಧ್ವನಿಯ ಗುರುತು ಹತ್ತಿತು. ಜೊತೆಯಲ್ಲಿದ್ದ ಮಗಳಿಗೆ, "ಇವರೇ ನನಗೆ ನಾಟಕ ಕಲಿಸಿದವರು" ಎಂದು ಹೇಳಿದನು. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಆಗಲೇ ಕ್ಷಮೆ ಕೇಳಬೇಕಾಗಿದ್ದಿತು. ಜನಸಂದಣಿಯ ನೆಪದಲ್ಲಿ ನಾನು ಮುಂದೆ ನಡೆದುಬಿಟ್ಟೆನು.

ಚಿತ್ರವನ್ನು ಪ್ರೀತಿಸಿದವನು ಜೀವಂತ ಮುಖದಲ್ಲಿ ಅದನ್ನೇ ಹುಡುಕುವುದು ಸಹಜ. ಅದು ಬಾಲಕನಲ್ಲಿ ದೋಷವಲ್ಲ. ಆದರೆ ಆರಿಸುವ ಅಧಿಕಾರವುಳ್ಳವನು ಹಾಗೆ ಮಾಡಿದರೆ ಪರದೆಯ ಹಿಂದೆ ಒಬ್ಬನು ಉಳಿದುಬಿಡುವನು. ಮೊಮ್ಮಗನಿಗೆ ಇದನ್ನು ಓದಿ ಹೇಳಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, "ಆ ಹುಡುಗನ ಊರು ಯಾವುದು, ತಾತ? ಹೋಗಿ ಬರೋಣವೇ?" ಎಂದನು.