ಮೋಟ್ರು ನಿಂತಾಗ ಗೋಡೆಯೊಳಗೆ ದಡ್ ಅನ್ನೋ ಸದ್ದು

ಬೋರಿನ ಲೈನಿಗೇ ಟೀ ಹಾಕಿ ಮನೆ ಮೇಲಿನ ಟ್ಯಾಂಕಿಗೆ ನೀರು ಹತ್ತಿಸ್ಕೊಂಡಿರೋರು ನಮ್ಮ ಕಡೆ ಬಹಳ ಜನ. ಅವರಲ್ಲಿ ಹಲವರಿಗೆ ಈ ಸದ್ದು ಗೊತ್ತಿರುತ್ತೆ. ರಾತ್ರಿ ತ್ರೀಫೇಸ್ ಹೋಗುತ್ತೆ, ಮೋಟ್ರು ನಿಲ್ಲುತ್ತೆ, ಒಂದೆರಡು ಸೆಕೆಂಡು ಬಿಟ್ಟು ಗೋಡೆಯೊಳಗೆ ಯಾರೋ ಸುತ್ತಿಗೆ ತಗೊಂಡು ಹೊಡೆದಂಗೆ ದಡ್. ಆಮೇಲೆ ಸಣ್ಣಗೆ ದಡದಡ. ಪೈಪು ಅಂದ್ಮೇಲೆ ಸದ್ದು ಇದ್ದಿದ್ದೇ ಅಂತ ಸುಮ್ನಿರ್ತೀವಿ. ಸುಮ್ನಿರಬಾರದು ಅಂತಲೇ ಇದನ್ನ ಬರೀತಿದ್ದೀನಿ.

ನಮ್ಮನೆಯಲ್ಲಿ ಆ ಪೈಪು ಹತ್ತೋದು ಅಪ್ಪ ಮಲಗೋ ಕೋಣೆಯ ಗೋಡೆಗೆ. ಲಕ್ವಾ ಹೊಡೆದ ಮೇಲೆ ಅಪ್ಪನಿಗೆ ನಿದ್ದೆ ಮೊದಲೇ ಕಮ್ಮಿ. ಒಂದ್ಸಲ ಬೆಚ್ಚಿ ಎದ್ರೆ ಬೆಳಗಿನ ತನಕ ಕಣ್ಣು ಮುಚ್ಚಲ್ಲ, ಅವ್ವನಿಗೂ ನಿದ್ದೆ ಇಲ್ಲ. ಅದರ ಮೇಲೆ ಈ ಬೇಸಿಗೆಯಲ್ಲಿ ಪಿವಿಸಿ ಬಂದು ಜಿಐ ಪೈಪಿಗೆ ಸೇರೋ ಜಾಯಿಂಟು ಬಿಟ್ಕೊಂಡು ಗೋಡೆ ಬುಡವೆಲ್ಲ ತೇವ ಹಿಡೀತು. ಸರಿ ಮಾಡಿದ್ರೆ ತಿಂಗಳೊಳಗೆ ಮತ್ತೆ ಅದೇ ಜಾಗ. ಬಂದ ಪ್ಲಂಬರು ಗೋಡೆ ಒಡೆದು ಲೈನೆಲ್ಲ ಹೊಸದು ಹಾಕ್ಬೇಕು ಅಂದ. ಇನ್ನೊಬ್ಬರು ಟ್ಯಾಂಕು ಈಶಾನ್ಯದಲ್ಲಿ ಇಟ್ಟಿದ್ದಕ್ಕೇ ಹಿಂಗೆ ಅಂದ್ರು. ಅವರಿಗೆ ಕಾಫಿ ಕೊಟ್ಟು ಕಳಿಸಿದ್ವಿ.

ದಾರಿ ತೋರಿಸಿದ್ದು ಅವ್ವ. ರಾತ್ರಿಯೆಲ್ಲ ಎಚ್ಚರ ಇದ್ದು ಕೇಳಿಸ್ಕೊಂಡಿದ್ದು ಅವಳೇ ಅಲ್ವಾ. "ನೀರು ಹತ್ತುವಾಗ ಏನೂ ಇಲ್ಲ ಕಣೋ. ಕರೆಂಟು ಹೋದ್ರೂ ಬರುತ್ತೆ, ನೀನು ಆಫ್ ಮಾಡಿದ್ರೂ ಬರುತ್ತೆ. ನಿಂತಾಗ ಮಾತ್ರ ಹೊಡೆಯೋದು" ಅಂದ್ಲು. ಇಷ್ಟು ಗೊತ್ತಾದ್ರೆ ಕಾಯಿಲೆ ಗೋಡೆಯಲ್ಲಿಲ್ಲ ಅಂತಲೇ ಅರ್ಥ.

ಆಗೋದೇನು ಅಂದ್ರೆ, ನಮ್ಮ ಮನೆ ದಿಣ್ಣೆ ಮೇಲೆ, ಬೋರು ಕೆಳಗೆ ತೋಟದಲ್ಲಿ. ಮಧ್ಯೆ ಸಾವಿರ ಅಡಿ ಪೈಪು, ಅದರ ತುಂಬ ನೀರು. ಮೋಟ್ರು ನಿಂತ ತಕ್ಷಣ ಆ ನೀರು ನಿಲ್ಲಲ್ಲ. ಓಡ್ತಿದ್ದ ರಭಸಕ್ಕೆ ಇನ್ನೊಂಚೂರು ಮೇಲೆ ಹೋಗುತ್ತೆ, ಆಮೇಲೆ ಹಿಂದಕ್ಕೆ ಹೊರಡುತ್ತೆ. ಬೋರಿನ ತಲೆ ಹತ್ರ ಇರೋ ಎನ್‌ಆರ್‌ವಿ ಅದನ್ನ ತಡೀಬೇಕು. ಆದ್ರೆ ಅದು ಬಾಗಿಲಿನ ಥರ ತೂಗೋ ರೆಕ್ಕೆಯ ವಾಲ್ವು. ರೆಕ್ಕೆ ಮುಚ್ಚೋ ಹೊತ್ತಿಗೆ ನೀರು ಹಿಂದಕ್ಕೆ ಓಡೋಕೆ ಶುರು ಮಾಡಿರುತ್ತೆ. ಓಡ್ತಿರೋ ನೀರಿನ ಮುಖಕ್ಕೆ ಪಟ್ ಅಂತ ಬಾಗಿಲು ಹಾಕಿದಂಗೆ. ಆ ಹೊಡೆತ ನೀರಿನೊಳಗೇ ಹೊರಟು ಸಾವಿರ ಅಡಿ ದಾಟಿ ಒಂದು ಸೆಕೆಂಡಿನೊಳಗೆ ಮನೆ ಗೋಡೆಗೆ ಬಂದಿರುತ್ತೆ. ಇದಕ್ಕೆ ವಾಟರ್ ಹ್ಯಾಮರ್ ಅಂತಾರೆ. ರಷ್ಯಾದ ಜುಕೋವ್ಸ್ಕಿ ಅನ್ನೋರು 1897-98ರಲ್ಲೇ ಮಾಸ್ಕೋ ಊರಿನ ನೀರಿನ ಪೈಪುಗಳ ಮೇಲೆ ಪ್ರಯೋಗ ಮಾಡಿ ಇದರ ಲೆಕ್ಕ ಕೊಟ್ಟಿದ್ದಾರೆ. ಸೆಕೆಂಡಿಗೆ ಒಂದು ಮೀಟರ್ ಓಡೋ ನೀರು ಒಮ್ಮೆಗೇ ನಿಂತ್ರೆ ಕಬ್ಬಿಣದ ಪೈಪಿನಲ್ಲಿ 12 ಕೆಜಿ ಆಸುಪಾಸು, ಪಿವಿಸಿಯಲ್ಲಿ 4 ಕೆಜಿ ಆಸುಪಾಸು ಒತ್ತಡ ಏರುತ್ತೆ. ಇದು ಲೈನಿನಲ್ಲಿ ಮೊದಲೇ ಇರೋ ಒತ್ತಡದ ಮೇಲೆ. ನೂರಡಿ ಎತ್ತರಕ್ಕೆ ನೀರು ನಿಂತಿದ್ರೆ ಅದೇ 3 ಕೆಜಿ. ಎರಡೂ ಕೂಡಿಸಿ, ನೀವು ಹೂತಿರೋದು 4 ಕೆಜಿ ಪೈಪೋ 6 ಕೆಜಿ ಪೈಪೋ ನೆನಪು ಮಾಡ್ಕೊಳಿ. ಜಾಯಿಂಟು ಯಾಕೆ ಬಿಟ್ಕೊಳ್ತು ಅಂತ ಬೇರೆ ಹೇಳ್ಬೇಕಾಗಿಲ್ಲ.

ಗೋಡೆ ಒಡೀಲಿಲ್ಲ. ಮೇನ್ ಆಫ್ ಮಾಡಿ, ಫ್ಯೂಸು ಕಿತ್ತು ಜೇಬಿಗೆ ಹಾಕ್ಕೊಂಡು, ರೆಕ್ಕೆಯ ಎನ್‌ಆರ್‌ವಿ ತೆಗೆದು ಸ್ಪ್ರಿಂಗ್ ಇರೋದನ್ನ ಹಾಕಿದ್ವಿ. ನೀರಿನ ಓಟ ನಿಧಾನ ಆಗ್ತಿದ್ದಂಗೇ, ಹಿಂದಕ್ಕೆ ತಿರುಗೋ ಮೊದಲೇ ಸ್ಪ್ರಿಂಗು ಮುಚ್ಚಿಬಿಡುತ್ತೆ. ಗೋಡೆ ಪೈಪಿನ ಕ್ಲಾಂಪುಗಳು ಸಡಿಲ ಆಗಿದ್ವು, ಹಳೇ ಟ್ರ್ಯಾಕ್ಟರ್ ಟ್ಯೂಬು ಪಟ್ಟಿ ಮಾಡಿ ಸುತ್ತಿ ಬಿಗಿದ್ವಿ. ಸ್ಟಾರ್ಟರಿನ ಆಟೋಗೆ ಎರಡು ನಿಮಿಷ ತಡ ಇಟ್ವಿ. ಕರೆಂಟು ಹೋಗಿ ತಕ್ಷಣ ಬಂದಾಗ, ಅಲ್ಲಾಡ್ತಿರೋ ನೀರಿನ ಮೇಲೆ ಮೋಟ್ರು ಮತ್ತೆ ತಳ್ಳೋದು ಬೇಡ ಅಂತ. ಎಲ್ಲ ಸೇರಿ ಗೋಡೆ ಒಡೆಯೋ ಕೂಲಿಯಷ್ಟೂ ಆಗಲಿಲ್ಲ. ಈಗ ಮೋಟ್ರು ನಿಂತ್ರೆ ಟಕ್ ಅನ್ನುತ್ತೆ, ಅಷ್ಟೇ. ಜಾಯಿಂಟು ಮೂರು ತಿಂಗಳಿಂದ ಒಣಗೇ ಇದೆ. ಅಪ್ಪ ಪೂರ್ತಿ ರಾತ್ರಿ ಮಲಗ್ತಾರೆ ಅಂತ ಹೇಳಲ್ಲ, ಆದ್ರೆ ಬೆಚ್ಚಿ ಏಳೋದು ನಿಂತಿದೆ.

ಪೈಪಿನ ತುದಿ ಮುಚ್ಚಿ ನೆಟ್ಟಗೆ ನಿಲ್ಲಿಸಿ ಗಾಳಿ ತುಂಬಿಡೋದು ಕೆಲವರ ಪದ್ಧತಿ. ಕೆಲಸ ಮಾಡುತ್ತೆ. ಆದ್ರೆ ಆ ಗಾಳಿ ದಿನ ಕಳೆದಂಗೆ ನೀರಿಗೆ ಸೇರಿ ಮುಗಿದುಹೋಗುತ್ತೆ, ಆಗಾಗ ನೀರು ಬಸಿದು ಮತ್ತೆ ಗಾಳಿ ತುಂಬಿಸ್ಬೇಕು. ನಮ್ಮಂಥೋರಿಗೆ ಅದು ನೆನಪಿರಲ್ಲ.

ಎಲ್ಲ ಸದ್ದಿಗೂ ಎನ್‌ಆರ್‌ವಿ ಬದಲಾಯಿಸೋಕೆ ಹೋಗ್ಬೇಡಿ ಮತ್ತೆ. ನಲ್ಲಿ ತಿರುಗಿಸಿದಾಗ ಸಿಳ್ಳೆ ಹೊಡೆದ್ರೆ ವಾಷರು ಸವೆದಿರುತ್ತೆ. ಟ್ಯಾಂಕು ತುಂಬೋ ಹೊತ್ತಿಗೆ ಗೂಂಯ್ ಅಂದ್ರೆ ಬಾಲ್ ವಾಲ್ವಿನ ಬಾಲು ಅಲೆಗೆ ಕುಣೀತಿದೆ. ವಾಷಿಂಗ್ ಮಷಿನ್ ನೀರು ನಿಲ್ಲಿಸಿದಾಗ ಠಕ್ ಅಂದ್ರೆ ಅದೂ ಇದೇ ಜಾತಿ ಹೊಡೆತ, ಆ ಲೈನಿನ ವಾಲ್ವು ಸ್ವಲ್ಪ ಮುಚ್ಚಿ ನೀರಿನ ಓಟ ಕಮ್ಮಿ ಮಾಡಿ ನೋಡಿ.

ನನಗೊಂದು ಅನುಮಾನ ಉಳಿದಿದೆ. ನಮ್ಮ ಬೋರಿನಲ್ಲಿ ಬೇಸಿಗೆಗೆ ಮರಳು ಬರುತ್ತೆ. ಸ್ಪ್ರಿಂಗಿನ ಎನ್‌ಆರ್‌ವಿ ಮರಳು ನೀರಿಗೆ ಎಷ್ಟು ವರ್ಷ ತಡೆಯುತ್ತೆ? ಹಾಕಿ ನಾಲ್ಕೈದು ವರ್ಷ ಆಗಿರೋರು ಇದ್ರೆ ಹೇಳಿ, ಬಿಚ್ಚಿದಾಗ ಒಳಗೆ ಹೆಂಗಿತ್ತು ಅಂತ.