ಕಿಂದರಿಜೋಗಿ ಬ್ಯಾಲೆಗೆ ನನ್ ತಂಗೀನೂ ಬಂದಿದ್ಲು

ಅಟ್ಟದ ಮೇಲೆ ಕೊಬ್ಬರಿಗೆ ಕಾಯಿ ಹಾಕಿರೋ ಮನೆಯೋರಿಗೆ ಇಲಿ ಕತೆ ಹೊಸದಾಗಿ ಹೇಳ್ಬೇಕಾ? ಹತ್ತು ಹನ್ನೊಂದು ತಿಂಗಳು ಕಾದು, ಒಳಗೆ ಗಿಟುಕು ಲೊಟಲೊಟ ಅನ್ನೋ ಹೊತ್ಗೆ ಇಲಿ ತನ್ನ ಪಾಲು ತಗೊಂಡಾಗಿರ್ತದೆ. ಅದ್ಕೇ ಏನೋ, ತಿಪಟೂರಲ್ಲಿ ಕಿಂದರಿಜೋಗಿ ಬ್ಯಾಲೆ ಆಡಿದ ದಿನ ಇಲಿ ವೇಷದ ಮಕ್ಕಳು ಓಡ್ಬಂದಿದ್ದೇ ತಡ, ಹೆಂಗಸರೆಲ್ಲ ಬಿದ್ದೂ ಬಿದ್ದೂ ನಕ್ಕರು.

ಬ್ಯಾಲೆ ಅಂದ್ರೆ ರಷ್ಯಾದೋರು ಕಾಲ್ಬೆರಳ ತುದೀಲಿ ನಿಂತು ಕುಣಿಯೋದು ಅಂತ ಟೀವೀಲಿ ನೋಡಿರ್ತೀರಿ. ನಮ್ಮ ಕಡೆ ಹಾಡು, ಕುಣಿತದಲ್ಲೇ ಕತೆ ನಡೆಸೋ ನೃತ್ಯನಾಟಕಕ್ಕೂ ಬ್ಯಾಲೆ ಅಂತಾರೆ. ಬೆಂಗಳೂರಿನ ಪ್ರಭಾತ್ ಕಲಾವಿದರು ಕಿಂದರಿಜೋಗಿ, ಸಿಂಡ್ರೆಲಾ ಎಲ್ಲ ಆಡಿ ಮನೆಮಾತಾದೋರು. ಇಲ್ಲಿ ಆಡಿದ್ದು ಡ್ಯಾನ್ಸ್ ಕ್ಲಾಸಿನ ನಮ್ಮೂರ ಮಕ್ಕಳೇ. ಕತೆ ಮೂಲ ಜರ್ಮನಿಯ ಹ್ಯಾಮೆಲಿನ್ ಊರಿಂದು. 1284ರಲ್ಲಿ 130 ಮಕ್ಕಳು ಕೊಳಲಿನವನ ಹಿಂದೆ ಹೋಗ್ಬಿಟ್ರು ಅಂತ ಅಲ್ಲಿ ಪ್ರತೀತಿ. ಅದನ್ನ ಬ್ರೌನಿಂಗ್ ಇಂಗ್ಲಿಷಲ್ಲಿ ಪದ್ಯ ಮಾಡಿದ್ರು, ಕುವೆಂಪು ಬೊಮ್ಮನಹಳ್ಳಿಗೆ ತಂದ್ರು. ಕೆಲ್ಸ ಆದ್ಮೇಲೆ ದುಡ್ಡು ಕೊಡೋಕೆ ಹಿಂದುಮುಂದು ನೋಡೋ ಗೌಡ ಮಾತ್ರ ಎಲ್ಲಾ ಊರಲ್ಲೂ ಅವ್ನೆ ಬಿಡಿ.

ನನ್ ತಂಗಿ ಬಂದಿದ್ದೇ ದೊಡ್ಡದು. ಅವಳಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎಡಗಾಲು ಸಣ್ಣ. ಪಲ್ಸ್ ಪೋಲಿಯೋ ಶುರುವಾಗಿದ್ದು 1995ರಲ್ಲಿ, ಅಷ್ಟೊತ್ತಿಗೆ ಅವಳು ದೊಡ್ಡೋಳಾಗಿದ್ಲು. ಮದ್ವೆಮನೆಗೆ ಕರೆದ್ರೂ ಬರಲ್ಲ, ಎಲ್ರೂ ಕಾಲೇ ನೋಡ್ತಾರೆ ಅಂತಾಳೆ. ಮಕ್ಕಳೆಲ್ಲ ಜೋಗಿ ಹಿಂದೆ ಹೋದಾಗ ಹಿಂದೆ ಉಳಿಯೋ ಕುಂಟ ಹುಡ್ಗ ಒಬ್ಬ ಇದ್ದಾನಲ್ಲ, ಸ್ಕೂಲಲ್ಲಿ ಅವಳನ್ನ ಆ ಹೆಸರಿಟ್ಟೇ ರೇಗಿಸ್ತಿದ್ರು. ಅಂಥೋಳು, "ಅಕ್ಕ, ನಾನೂ ಬತ್ತೀನಿ. ಆ ಹುಡ್ಗನ್ನ ಎಂಗೆ ಮಾಡ್ತಾರೆ ನೋಡ್ಬೇಕು" ಅಂದ್ಲು. ನಾನು ಏನೂ ಕೇಳ್ಲಿಲ್ಲ, ಆಟೋ ಕರೆಸ್ದೆ.

ಜೋಗಿ ಕಿಂದರಿ ನುಡಿಸ್ತಾ ಹೋದ, ಮಕ್ಕಳು ಸಾಲಾಗಿ ಕುಣೀತಾ ಹೋದ್ರು. ಕೊನೇಗೆ ಆ ಹುಡ್ಗ ಕೋಲು ಹಿಡ್ಕಂಡು ಕುಪ್ಪಳಿಸ್ತಾ ಬಂದ. ಹಿಂದಿನ ಸಾಲಲ್ಲಿ ಯಾರೋ ನಕ್ಕರು. ನಾನು ತಂಗಿ ಮುಖ ನೋಡ್ದೆ. ಅವಳು ಕಣ್ಣು ಕಿರಿದು ಮಾಡ್ಕಂಡು, ಸೀರೆ ಅಂಗಡೀಲಿ ಬಣ್ಣ ಹೋಗೋ ಸೀರೆ ನೋಡ್ದಂಗೆ ನೋಡ್ತಿದ್ಲು.

"ಕೋಲು ಕುಂಟೋ ಕಾಲಿನ ಕಡೇನೇ ಹಿಡ್ದವ್ನೆ. ಇನ್ನೊಂದು ಕೈಲಿ ಹಿಡೀಬೇಕು," ಅಂದ್ಲು.

ಮುಗಿದ್ಮೇಲೆ ಮನೆಗೆ ಹೋಗಾನ ಅಂದ್ರೆ ಕೇಳ್ಲಿಲ್ಲ, ಸ್ಟೇಜ್ ಹಿಂದ್ಕೆ ಕರ್ಕಂಡೋಗು ಅಂದ್ಲು. ಆ ಹುಡ್ಗ ಬಣ್ಣ ಒರೆಸ್ಕೊಳ್ತಿದ್ದ. "ಮಗಾ, ಕುಪ್ಪಳಿಸಿದ್ರೆ ನಮ್ಮಂಥೋರು ಬಿದ್ದೋಗ್ತೀವಿ" ಅಂತ ಹೇಳಿ, ಎಡಗೈ ಮಂಡಿ ಮೇಲೆ ಊರಿ, ಕಾಲು ಎತ್ತಿಟ್ಟು, ಆ ಖಾಲಿ ಸ್ಟೇಜಲ್ಲಿ ಈ ತುದಿಯಿಂದ ಆ ತುದೀವರ್ಗೂ ನಡೆದು ತೋರಿಸಿದ್ಲು. ಇಲಿ ವೇಷದ ಮಕ್ಕಳೆಲ್ಲ ಸುಮ್ನೆ ನಿಂತ್ಕಂಡು ನೋಡಿದ್ವು. ಹುಡ್ಗ ಅವಳ ಹಿಂದೇನೇ ಹಂಗೇ ನಡೆದ. ನಂಗೆ ಸೆರಗು ಕಣ್ಣಿಗೆ ಹೋಯ್ತು, ಅವಳಿಗೆ ಕಾಣ್ದಂಗೆ ಆ ಕಡೆ ತಿರುಗ್ಕಂಡೆ.

ಈಗ ತುರುವೇಕೆರೇಲೂ ಆಡ್ತಾರಂತೆ. ಡ್ಯಾನ್ಸ್ ಟೀಚರಮ್ಮ ಅವಳನ್ನ ಪ್ರಾಕ್ಟೀಸಿಗೆ ಬನ್ನಿ ಅಂತ ಫೋನ್ ಮಾಡಿದ್ರು. ಹೋಗ್ತೀನಿ ಅಂತ ಇನ್ನೂ ಬಾಯ್ಬಿಟ್ಟಿಲ್ಲ. ಸೀರೆ ಮಾತ್ರ ಇಸ್ತ್ರಿಗೆ ಕೊಟ್ಟವಳೆ.