ಚಿಕ್ಕ ಚಿತ್ರದಲ್ಲಿ ಉಳಿದ ನಾನಾ

ಬೇಸಿಗೆ ರಜೆಯಲ್ಲಿ ನಾನು ಪಾಂಡವಪುರದ ಮಾಮುವಿನ ಸ್ಟುಡಿಯೋದಲ್ಲಿ ಕುಳಿತಿದ್ದೆ. ಟ್ಯಾಲಿ ಕಲಿಯಲು ಹೋದವಳಿಗೆ ಸಿಕ್ಕಿದ್ದು ಗಿರಾಕಿಗಳ ಹಳೆಯ ಫೋಟೋ ಹುಡುಕಿಕೊಡುವ ಕೆಲಸ. ಫೈಲುಗಳ ಹೆಸರೆಲ್ಲ ಡಿಎಸ್‌ಸಿ, ಐಎಂಜಿ ಎಂದೇ ಶುರು. ಹೆಸರು ನೋಡಿದರೆ ಯಾರ ಮುಖವೆಂದು ಗೊತ್ತಾಗದು. ಕಂಟ್ರೋಲ್ ಕೀ ಒತ್ತಿ ಮೌಸಿನ ಚಕ್ರ ತಿರುಗಿಸಿದರೆ ಫೋಲ್ಡರಿನಲ್ಲೇ ಪುಟ್ಟ ಚಿತ್ರಗಳು ಕಾಣುತ್ತವೆ ಎಂದು ಮಾಮು ಮೊದಲ ದಿನವೇ ತೋರಿಸಿಕೊಟ್ಟರು. ಒಂದನ್ನೂ ತೆರೆಯದೆ ನೂರಾರು ಫೋಟೋ ನೋಡಿಬಿಡಬಹುದು. ಥಂಬ್‌ನೈಲ್ ಎಂದರೆ ಇದೇ, ಹೆಬ್ಬೆರಳ ಉಗುರಿನಷ್ಟು ಚಿತ್ರ.

ಒಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ನಮ್ಮ ಮನೆಯ ಹಳೆಯ ಪೆನ್‌ಡ್ರೈವ್ ಹಾಕಿ ನೋಡಿದೆ. ಅದರಲ್ಲಿ ನಾನಾ ಇದ್ದರು!

ನಾನಾ ಶ್ರೀರಂಗಪಟ್ಟಣದಲ್ಲಿ ಟಾಂಗಾ ಓಡಿಸುತ್ತಿದ್ದರು. ಪ್ರವಾಸಿಗರನ್ನು ಕೋಟೆಯಿಂದ ದರಿಯಾ ದೌಲತ್‌ಗೆ, ಅಲ್ಲಿಂದ ಗುಂಬಜ್‌ಗೆ ಕರೆದೊಯ್ಯುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಯಿತು. ನಮ್ಮ ಮನೆಯಲ್ಲಿ ಗೋಡೆಗೆ ಫೋಟೋ ಹಾಕುವ ರೂಢಿಯಿಲ್ಲ. ನಾನಿಯ ಬಳಿ ಇರುವುದು ಆಧಾರ್ ಕಾರ್ಡಿನ ಮುಖ ಮಾತ್ರ. (ಆಧಾರ್ ಫೋಟೋದಲ್ಲಿ ಯಾರು ತಾನೇ ತಮ್ಮ ಹಾಗೆ ಕಾಣುತ್ತಾರೆ?) ಇಲ್ಲಿ ಅವರು ಲಗಾಮು ಹಿಡಿದು ನಗುತ್ತಿದ್ದರು.

ಡಬಲ್ ಕ್ಲಿಕ್ ಮಾಡಿದೆ. ಮೇಲೆ ಒಂದು ಪಟ್ಟಿಯಷ್ಟು ಆಕಾಶ, ಕೆಳಗೆಲ್ಲ ಬರೀ ಬೂದು ಬಣ್ಣ. ಗಾಬರಿಯಾಗಿ ಫೋಲ್ಡರಿಗೆ ಹಿಂದಿರುಗಿದೆ. ಅಲ್ಲಿ ನಾನಾ ನಗುತ್ತಲೇ ಇದ್ದರು.

ಮಾಮು ವಿವರಿಸಿದರು. ಕ್ಯಾಮೆರಾ ಫೋಟೋ ತೆಗೆದಾಗ ಜೆಪೆಗ್ ಫೈಲಿನ ಆರಂಭದಲ್ಲೇ, ದಿನಾಂಕ ಮುಂತಾದ ವಿವರಗಳ ಜೊತೆಗೆ, ಅದೇ ಫೋಟೋದ ಪುಟ್ಟ ಪ್ರತಿಯೊಂದನ್ನು ಬರೆದಿಡುತ್ತದೆ. ಸಾಮಾನ್ಯವಾಗಿ 160 ಪಿಕ್ಸೆಲ್ ಅಗಲ, 120 ಎತ್ತರ. ಈ ಫೈಲಿನಲ್ಲಿ ಮುಂಭಾಗ ಉಳಿದಿದೆ, ಹಿಂಭಾಗ ಹೋಗಿದೆ. ನಾನು ಲೆಕ್ಕ ಹಾಕಿದೆ: 19,200 ಚುಕ್ಕಿ. ಕಾಮರ್ಸ್ ಓದುವವಳಲ್ಲವೇ, ನಷ್ಟದಲ್ಲಿ ಉಳಿದದ್ದೆಷ್ಟು ಎಂದು ಕೈ ತಾನಾಗಿ ಕೂಡುತ್ತದೆ.

ಹಿಂಭಾಗ ಹೇಗೆ ಹೋಯಿತೆಂದು ಮಾಮು ಕೇಳಲಿಲ್ಲ. ನನಗೆ ಗೊತ್ತಿತ್ತು. ಒಂಬತ್ತನೇ ತರಗತಿಯಲ್ಲಿದ್ದಾಗ ಆ ಫೋಟೋಗಳನ್ನು ಕಾಪಿ ಮಾಡಿದವಳು ನಾನೇ. ಮದುವೆಯೊಂದಕ್ಕೆ ಕ್ಯಾಮೆರಾದ ಕಾರ್ಡ್ ಖಾಲಿ ಬೇಕಿತ್ತು. ಅವಸರದಲ್ಲಿ ಇಜೆಕ್ಟ್ ಕೊಡದೆಯೇ ಪೆನ್‌ಡ್ರೈವ್ ಎಳೆದೆ. ಮತ್ತೆ ಹಾಕಿ ನೋಡಿದಾಗ ಚಿತ್ರಗಳು ಸಾಲಾಗಿ ಕಾಣಿಸಿದವು. ಎಲ್ಲ ಬಂದಿದೆ ಎಂದುಕೊಂಡು ಕಾರ್ಡ್ ಫಾರ್ಮ್ಯಾಟ್ ಮಾಡಿದೆ. ಒಂದನ್ನಾದರೂ ತೆರೆದು ನೋಡಿದ್ದರೆ ತಿಳಿಯುತ್ತಿತ್ತು.

ಎಕ್ಸಿಫ್‌ಟೂಲ್ ಎಂಬ ಉಚಿತ ಸಾಫ್ಟ್‌ವೇರಿನಿಂದ ಮಾಮು ಆ ಪುಟ್ಟ ಚಿತ್ರವನ್ನು ಬೇರೆ ಮಾಡಿದರು. ದೊಡ್ಡದು ಮಾಡಿದರೆ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು. ಕೊನೆಗೆ ನಾಲ್ಕು ಸೆಂಟಿಮೀಟರ್ ಅಗಲಕ್ಕೆ ಪ್ರಿಂಟ್ ತೆಗೆದೆವು.

ನಾನಿ ಕನ್ನಡಕ ಹಾಕಿಕೊಂಡು ಕಿಟಕಿಯ ಬಳಿ ಹಿಡಿದು ನೋಡಿದರು. “ಇತ್ತಾ ಛೋಟಾ ಕಾಯ್ಕು?” ಎಂದರು. ಇಷ್ಟು ಚಿಕ್ಕದು ಯಾಕೆ ಎಂಬ ಪ್ರಶ್ನೆಗೆ ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಬಹಳ ಹೊತ್ತು ನೋಡಿ, ಫೋಟೋದ ಮೂಲೆಯಲ್ಲಿದ್ದ ಕಂದು ಕಲೆಯೊಂದರ ಮೇಲೆ ಬೆರಳಿಟ್ಟರು. ಅದು ಕುದುರೆಯ ಕಿವಿ ಎಂದು ಅವರು ಹೇಳಿದ ಮೇಲೆಯೇ ನನಗೆ ಕಂಡಿತು.